ರೆಕಾರ್ಡರಿಗೆ ದೊಡ್ಡ ಹಾರ್ಡ್ ಡಿಸ್ಕ್: ಮೊದಲು ಹಳೆಯದನ್ನು ಉಳಿಸಿಕೊಳ್ಳಿ

ಪ್ರಶ್ನೆ: ನಮ್ಮ ಮನೆಯ ಡಿಜಿಟಲ್ ವಿಡಿಯೊ ರೆಕಾರ್ಡರ್ ಆರು ವರ್ಷ ಹಳೆಯದು, ನಾವೇ ಕೊಂಡ ಸ್ವಂತದ ಪೆಟ್ಟಿಗೆ. ಅದರೊಳಗಿನ 500 ಜಿಬಿ ಹಾರ್ಡ್ ಡಿಸ್ಕ್ ಯಾವಾಗಲೂ ತುಂಬಿಯೇ ಇರುತ್ತದೆ. ಕಂಪ್ಯೂಟರಿನಿಂದ ತೆಗೆದಿಟ್ಟ 4 ಟಿಬಿ ಡಿಸ್ಕ್ ಒಂದು ನನ್ನ ಬಳಿ ಇದೆ. ಅದನ್ನು ಇದಕ್ಕೆ ಹಾಕಬಹುದೇ? ಇತ್ತೀಚೆಗೆ ಕೆಲವು ರೆಕಾರ್ಡಿಂಗ್‌ಗಳು ನಡುವೆ ನಿಂತುಬಿಡುತ್ತವೆ. ಆಗ ರಿಮೋಟ್ ಒತ್ತಿದರೂ ಪೆಟ್ಟಿಗೆ ಅರ್ಧ ನಿಮಿಷ ಮಿಸುಕುವುದಿಲ್ಲ. ನನ್ನ ತಂದೆಯವರು ಭಾಗವಹಿಸಿದ್ದ ಒಂದು ಟಿವಿ ಚರ್ಚೆ ಅದರಲ್ಲಿದೆ. ಅದು ಮಾತ್ರ ಹೋಗಬಾರದು.

ಉತ್ತರ: ನೀವು ಕೇಳಿರುವುದು ಜಾಗದ ವಿಷಯ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು, ರಿಮೋಟ್ ಒತ್ತಿದರೂ ಪೆಟ್ಟಿಗೆ ಅರ್ಧ ನಿಮಿಷ ಮಿಸುಕುವುದಿಲ್ಲ ಎಂಬ ಮಾತು. ಅದು ಡಿಸ್ಕ್ ಚಿಕ್ಕದಾಗಿರುವುದರ ಲಕ್ಷಣವಲ್ಲ, ಹಾಳಾಗುತ್ತಿರುವುದರ ಲಕ್ಷಣ. ಆದ್ದರಿಂದ ನಿಗದಿಪಡಿಸಿರುವ ರೆಕಾರ್ಡಿಂಗ್‌ಗಳನ್ನೆಲ್ಲ ಇಂದೇ ರದ್ದುಮಾಡಿ, ಪೆಟ್ಟಿಗೆಯನ್ನು ಸ್ಟ್ಯಾಂಡ್‌ಬೈನಲ್ಲಿ ಬಿಡದೆ ಪ್ಲಗ್ಗನ್ನೇ ಸಾಕೆಟ್‌ನಿಂದ ಕಿತ್ತಿಡಿ. ಸ್ಟ್ಯಾಂಡ್‌ಬೈ ಎಂದು ತೋರಿಸುತ್ತಿರುವಾಗಲೂ ಅನೇಕ ರೆಕಾರ್ಡರುಗಳಲ್ಲಿ ಡಿಸ್ಕ್ ತಿರುಗುತ್ತಲೇ ಇರುತ್ತದೆ. ಪೆಟ್ಟಿಗೆ ಚಾಲೂ ಇದ್ದರಂತೂ, ನೀವು ಏನನ್ನೂ ರೆಕಾರ್ಡ್ ಮಾಡದಿದ್ದರೂ, ನೇರ ಪ್ರಸಾರವನ್ನು ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯಕ್ಕಾಗಿ ಅದು ಒಂದೇ ಸಮನೆ ಡಿಸ್ಕಿಗೆ ಬರೆಯುತ್ತಿರುತ್ತದೆ. ಹಾಳಾಗುತ್ತಿರುವ ಡಿಸ್ಕ್ ಇನ್ನೆಷ್ಟು ಗಂಟೆ ಓಡಬಲ್ಲದೆಂದು ಯಾರೂ ಹೇಳಲಾರರು; ಉಳಿದಿರುವ ಗಂಟೆಗಳನ್ನು ತಂದೆಯವರ ರೆಕಾರ್ಡಿಂಗ್ ಹೊರತೆಗೆಯಲು ಮೀಸಲಿಡೋಣ.

ಚಿತ್ರ ಕೆಡುವುದಕ್ಕೆಲ್ಲ ಡಿಸ್ಕೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ರೆಕಾರ್ಡ್ ಮಾಡುವ ಹೊತ್ತಿನಲ್ಲಿ ಸಿಗ್ನಲ್ ದುರ್ಬಲವಾಗಿದ್ದರೆ ಆ ದೋಷವೂ ರೆಕಾರ್ಡಿಂಗ್‌ನೊಳಗೆ ಸೇರಿಕೊಂಡು, ಪ್ರತಿಸಲ ನೋಡಿದಾಗಲೂ ಅದೇ ಜಾಗದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ಕಡಿಯುತ್ತದೆ. ಆದರೆ ಕಾರ್ಯಕ್ರಮ ಮುಂದಕ್ಕೆ ಸಾಗುತ್ತಲೇ ಇರುತ್ತದೆ, ರಿಮೋಟ್ ಕೂಡಲೇ ಕೆಲಸ ಮಾಡುತ್ತದೆ. ಡಿಸ್ಕಿನ ದೋಷ ಹಾಗಲ್ಲ. ಓದಲಾಗದ ಸೆಕ್ಟರ್ (ಡಿಸ್ಕಿನ ಜಾಗವನ್ನು ಹಂಚಿರುವ ಪುಟ್ಟ ಪುಟ್ಟ ತುಣುಕುಗಳಲ್ಲಿ ಒಂದು) ಎದುರಾದಾಗ ಡಿಸ್ಕ್ ಅದನ್ನು ಬಿಟ್ಟು ಮುಂದೆ ಹೋಗದೆ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಅದರ ಉತ್ತರಕ್ಕಾಗಿ ಕಾಯುತ್ತ ಪೆಟ್ಟಿಗೆಯ ಪ್ರೊಸೆಸರ್ ಉಳಿದ ಕೆಲಸಗಳನ್ನೂ ತಡೆಹಿಡಿಯುತ್ತದೆ. ಹೀಗಾಗಿ ಚಿತ್ರ ಒಡೆಯುವುದಿಲ್ಲ, ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಜೊತೆಗೆ ಪೆಟ್ಟಿಗೆಯೊಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸುತ್ತಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ.

ಇನ್ನು ಡಿಸ್ಕಿನಲ್ಲಿ ಏನೇನಿರುತ್ತದೆ ಎಂಬ ವಿಷಯ. ಮುಂದಿನ ಕೆಲಸವೆಲ್ಲ ಇದನ್ನೇ ಅವಲಂಬಿಸಿದೆ. ಮೊದಲ ಬಗೆಯ ರೆಕಾರ್ಡರುಗಳಲ್ಲಿ ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶವೂ ಡಿಸ್ಕಿನಲ್ಲೇ ಇರುತ್ತದೆ. 1999ರಲ್ಲಿ ಮಾರುಕಟ್ಟೆಗೆ ಬಂದು ಈ ಇಡೀ ವರ್ಗದ ಉಪಕರಣಗಳಿಗೆ ದಾರಿ ತೋರಿಸಿದ ಟಿವೊ ಇದಕ್ಕೆ ಉದಾಹರಣೆ. ಅದರ ಡಿಸ್ಕಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುತ್ತಿತ್ತು, ರೆಕಾರ್ಡಿಂಗ್‌ಗಳಿಗೆಂದೇ ರೂಪಿಸಿದ ಪ್ರತ್ಯೇಕ ಫೈಲ್ ವ್ಯವಸ್ಥೆಯೂ ಇರುತ್ತಿತ್ತು. ಅಂಥ ಹಳೆಯ ಮಾದರಿಗಳಿಗೆ ಖಾಲಿ ಡಿಸ್ಕ್ ಹಾಕಿದರೆ ಪೆಟ್ಟಿಗೆ ಆರಂಭವೇ ಆಗದು. ಎರಡನೆಯ ಬಗೆಯಲ್ಲಿ ತಂತ್ರಾಂಶವು ಮದರ್‌ಬೋರ್ಡಿನ ಫ್ಲ್ಯಾಷ್ ಚಿಪ್ಪಿನಲ್ಲಿದ್ದು, ಡಿಸ್ಕು ರೆಕಾರ್ಡಿಂಗ್‌ಗಳ ಉಗ್ರಾಣ ಮಾತ್ರ. ಖಾಲಿ ಡಿಸ್ಕ್ ಕಂಡರೆ ಪೆಟ್ಟಿಗೆಯೇ ಅದನ್ನು ತನಗೆ ಬೇಕಾದಂತೆ ಫಾರ್ಮ್ಯಾಟ್ ಮಾಡಿಕೊಳ್ಳುತ್ತದೆ. ನಿಮ್ಮದು ಯಾವ ಬಗೆಯದೆಂದು ತಿಳಿಯುವುದು ಕಷ್ಟವಲ್ಲ: ಡಿಸ್ಕಿನ ಕೇಬಲ್ ತೆಗೆದು ಪೆಟ್ಟಿಗೆಯನ್ನು ಆರಂಭಿಸಿದಾಗ ನೇರ ಪ್ರಸಾರ ಕಾಣಿಸಿಕೊಂಡರೆ ಎರಡನೆಯದು, ಆರಂಭದ ಪರದೆಯಲ್ಲೇ ನಿಂತುಬಿಟ್ಟರೆ ಬಹುಶಃ ಮೊದಲನೆಯದು.

ಎರಡೂ ಬಗೆಗಳಿಗೆ ಸಮಾನವಾದ ಒಂದು ತೊಡಕಿದೆ. ಬಹಳಷ್ಟು ರೆಕಾರ್ಡರುಗಳು ಕಾರ್ಯಕ್ರಮಗಳನ್ನು ಗೂಢಲಿಪಿಗೆ ತಿರುಗಿಸಿಯೇ ಡಿಸ್ಕಿಗೆ ಬರೆಯುತ್ತವೆ, ಅದನ್ನು ಬಿಡಿಸುವ ಕೀಲಿ ಆ ಪೆಟ್ಟಿಗೆಯ ಚಿಪ್ಪಿನೊಳಗೇ ಇರುತ್ತದೆ. ಆದ್ದರಿಂದ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ ಫೈಲುಗಳನ್ನು ತೆರೆಯಬಹುದೆಂದು ನಂಬಿ ಕೂರಬೇಡಿ. ಅದೇ ಮಾದರಿಯ ಬೇರೊಂದು ಪೆಟ್ಟಿಗೆಗೆ ಹಾಕಿದರೂ ಅವು ತೆರೆಯದೇ ಹೋಗಬಹುದು. ಡಿಸ್ಕಿನ ಪ್ರತಿ ಸೆಕ್ಟರನ್ನೂ ಇದ್ದದ್ದು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ಮೂಲ ಪೆಟ್ಟಿಗೆಗೇ ಹಾಕುವುದು ಇಲ್ಲಿ ನಂಬಬಹುದಾದ ದಾರಿ. ಗೂಢಲಿಪಿ ಗೂಢಲಿಪಿಯಾಗಿಯೇ ನಕಲಾಗುತ್ತದೆ, ಕೀಲಿ ಪೆಟ್ಟಿಗೆಯಲ್ಲೇ ಇರುತ್ತದೆ. ಡಿಸ್ಕಿನ ಕ್ರಮಸಂಖ್ಯೆಯನ್ನೂ ಪರೀಕ್ಷಿಸುವ ಕೆಲವು ಪೆಟ್ಟಿಗೆಗಳು ನಕಲನ್ನು ಒಪ್ಪುವುದಿಲ್ಲ. ಹಳೆಯ ಡಿಸ್ಕನ್ನು ಕೊನೆಯವರೆಗೂ ಅಳಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಕಲು ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮರಳಿ ಪಡೆಯಲಾಗದ ನಷ್ಟಗಳಾಗುವುದು ಇಲ್ಲಿಯೇ. ಹಳೆಯ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದ ತಕ್ಷಣ, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದೋ ಇನಿಷಿಯಲೈಸ್ ಮಾಡಬೇಕು ಎಂದೋ ಅದು ಕೇಳುತ್ತದೆ. ರೆಕಾರ್ಡರಿನ ಫೈಲ್ ವ್ಯವಸ್ಥೆ ಅದಕ್ಕೆ ಅರ್ಥವಾಗದಿರುವುದೇ ಕಾರಣ. ಎರಡಕ್ಕೂ ಬೇಡವೆನ್ನಿ. ಇನಿಷಿಯಲೈಸ್ ಎಂಬ ಒಂದೇ ಕ್ಲಿಕ್ಕು ಡಿಸ್ಕಿನ ಮೊದಲ ಸೆಕ್ಟರುಗಳ ಮೇಲೆ ಬರೆದು ಪಾರ್ಟಿಷನ್ ಪಟ್ಟಿಯನ್ನು, ಅಂದರೆ ಡಿಸ್ಕಿನ ಜಾಗ ಹೇಗೆ ಹಂಚಿಕೆಯಾಗಿದೆ ಎಂಬ ದಾಖಲೆಯನ್ನು, ಅಳಿಸಿಹಾಕಬಲ್ಲದು. ಇನ್ನೂ ಸುರಕ್ಷಿತವಾದದ್ದು, ಪೆನ್‌ಡ್ರೈವ್‌ನಿಂದ ಲಿನಕ್ಸ್ ಆರಂಭಿಸಿ, ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಬಳಸುವುದು. ಸಾಮಾನ್ಯ ನಕಲು ತಂತ್ರಾಂಶಗಳು ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ನಿಂತುಬಿಡುತ್ತವೆ, ಇಲ್ಲವೇ ಅಲ್ಲೇ ಹೆಣಗುತ್ತ ಡಿಸ್ಕನ್ನು ಇನ್ನಷ್ಟು ದಣಿಸುತ್ತವೆ. ಡಿಡಿರೆಸ್ಕ್ಯೂ ಹಾಗಲ್ಲ, ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬಹುದಾದುದನ್ನೆಲ್ಲ ಓದಿ, ಕೆಟ್ಟ ಭಾಗಗಳನ್ನು ದಾಟಿಹೋಗಿ, ಆಮೇಲೆ ಅವುಗಳ ಬಳಿಗೆ ಹಿಂತಿರುಗುತ್ತದೆ. ಯಾವುದನ್ನು ಓದಿಯಾಯಿತು, ಯಾವುದು ಉಳಿಯಿತು ಎಂಬುದನ್ನು ಮ್ಯಾಪ್‌ಫೈಲ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ನಡುವೆ ಕರೆಂಟು ಹೋದರೂ ಡಿಸ್ಕ್ ಬಿಸಿಯಾಯಿತೆಂದು ನೀವೇ ನಿಲ್ಲಿಸಿದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಆ ಫೈಲಿನ ಹೆಸರನ್ನು ಆಜ್ಞೆಯಲ್ಲಿ ಕೊಡಲು ಮರೆಯಬೇಡಿ, ಅದಿಲ್ಲದೆ ಈ ಸೌಲಭ್ಯ ಸಿಗುವುದಿಲ್ಲ.

ಈ ಹಂತದಲ್ಲಿ ನಿಮ್ಮ 4 ಟಿಬಿ ಡಿಸ್ಕ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದನ್ನು ರೆಕಾರ್ಡರಿನೊಳಗೆ ಹಾಕುವ ಬದಲು, ಹಳೆಯ ಡಿಸ್ಕಿನ ಇಡೀ ಪ್ರತಿಬಿಂಬವನ್ನು ಒಂದೇ ದೊಡ್ಡ ಫೈಲಾಗಿ ಅದರಲ್ಲಿ ಉಳಿಸಿಕೊಳ್ಳಿ. ಅದರಲ್ಲಿ ಹಳೆಯ ಕಂಪ್ಯೂಟರಿನ ಕಡತಗಳು ಇದ್ದರೂ ಅಡ್ಡಿಯಿಲ್ಲ, 500 ಜಿಬಿಗಿಂತ ಹೆಚ್ಚು ಖಾಲಿ ಜಾಗವಿದ್ದರೆ ಸಾಕು. ಆದರೆ ಆ ಜಾಗವು ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಇರಬಾರದು, ಏಕೆಂದರೆ ಅದರಲ್ಲಿ ಒಂದು ಫೈಲು 4 ಜಿಬಿಗಿಂತ ದೊಡ್ಡದಾಗಲು ಬರುವುದಿಲ್ಲ. ಡಿಸ್ಕುಗಳನ್ನು ಕಂಪ್ಯೂಟರಿನೊಳಗೆ ಡಿಸ್ಕಿಗೆಂದೇ ಇರುವ ಸಾಟಾ ಸಾಕೆಟ್‌ಗೇ ನೇರವಾಗಿ ಜೋಡಿಸಿದರೆ, ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿ ನಕಲಾಗಲು ಒಂದು ಗಂಟೆ ಇಪ್ಪತ್ತಮೂರು ನಿಮಿಷ ಸಾಕು. ಹಳೆಯ ಯುಎಸ್‌ಬಿ 2.0 ಮೂಲಕವಾದರೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಕೆಟ್ಟ ಸೆಕ್ಟರುಗಳು ಹೆಚ್ಚಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗಿ ದಿನಗಟ್ಟಲೆ ಹಿಡಿಯಬಹುದು; ಗಾಬರಿಯಾಗಬೇಡಿ, ಡಿಸ್ಕಿನ ಮೇಲೆ ಫ್ಯಾನ್ ಗಾಳಿ ಬೀಳುವಂತೆ ನೋಡಿಕೊಂಡು ಕಾಯಿರಿ. ಆಜ್ಞೆ ಕೊಡುವ ಮುನ್ನ ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಡಿಸ್ಕಿನ ಗಾತ್ರ ಮತ್ತು ಕ್ರಮಸಂಖ್ಯೆ ಎರಡನ್ನೂ ನೋಡಿ ಖಚಿತಪಡಿಸಿಕೊಳ್ಳಿ. ಖಾಲಿ ಡಿಸ್ಕನ್ನು ಮೂಲವೆಂದು ಬರೆದು, ತುಂಬಿದ ಡಿಸ್ಕಿನ ಮೇಲೆ ಸೊನ್ನೆಗಳನ್ನು ಸುರಿದುಕೊಂಡು, ಆಮೇಲೆ ನನ್ನ ಬಳಿ ಬಂದವರಿದ್ದಾರೆ. ಅವರಿಗೆ ನಾನು ಏನನ್ನೂ ಮಾಡಿಕೊಡಲಾಗಲಿಲ್ಲ, ಆ ನೋವು ಈಗಲೂ ಇದೆ.

ಪ್ರತಿಬಿಂಬ ಸಿದ್ಧವಾದ ಮೇಲೆ ಅದನ್ನು ಒಂದು ಹೊಸ ಡಿಸ್ಕಿಗೆ (ಎಂಥದ್ದನ್ನು ಕೊಳ್ಳಬೇಕೆಂದು ಮುಂದೆ ಹೇಳುತ್ತೇನೆ) ಬರೆದು ಪೆಟ್ಟಿಗೆಯಲ್ಲಿ ಹಾಕಿ. ಎಲ್ಲಕ್ಕಿಂತ ಮೊದಲು ತಂದೆಯವರ ಕಾರ್ಯಕ್ರಮವನ್ನು ಆರಂಭದಿಂದ ಕೊನೆಯವರೆಗೆ ನೋಡಿ. ನೋಡಿದ ಮೇಲೆ ಅದನ್ನು ಪೆಟ್ಟಿಗೆಯಿಂದ ಹೊರತೆಗೆಯಿರಿ: ಯುಎಸ್‌ಬಿಗೆ ರಫ್ತು ಮಾಡುವ ಸೌಲಭ್ಯ ಮೆನುವಿನಲ್ಲಿದ್ದರೆ ಅದರ ಮೂಲಕ, ಇಲ್ಲದಿದ್ದರೆ ಹಿಂಬದಿಯ ಹಳದಿ, ಬಿಳಿ, ಕೆಂಪು ಜಾಕುಗಳಿಂದ ಸಾಮಾನ್ಯ ವಿಡಿಯೊ ಕ್ಯಾಪ್ಚರ್ ಸಾಧನಕ್ಕೆ ಕೊಟ್ಟು. ಜಾಕುಗಳ ದಾರಿಯಲ್ಲಿ ಚಿತ್ರದ ಸ್ಪಷ್ಟತೆ ಸ್ವಲ್ಪ ಕುಗ್ಗುತ್ತದೆ. ಆದರೆ ಒಂದೇ ಪೆಟ್ಟಿಗೆಯ ಕೀಲಿಗೆ ಬಿಗಿದುಕೊಂಡಿದ್ದ ದಾಖಲೆ ಸ್ವತಂತ್ರವಾಗುತ್ತದೆ. ಡಿಸ್ಕ್ ಗಟ್ಟಿಯಾಗಿದ್ದು ಪೆಟ್ಟಿಗೆಯ ಬೋರ್ಡ್ ಸುಟ್ಟುಹೋದರೂ ಕಾರ್ಯಕ್ರಮ ಕೈತಪ್ಪುತ್ತಿತ್ತು ಎಂಬುದನ್ನು ನೆನೆದರೆ ಈ ಶ್ರಮ ಹೆಚ್ಚಿನದಲ್ಲ.

ಈಗ ಜಾಗದ ಪ್ರಶ್ನೆಗೆ ಬರೋಣ. 500 ಜಿಬಿಯ ನಕಲನ್ನು 2 ಟಿಬಿ ಡಿಸ್ಕಿನ ಮೇಲೆ ಬರೆದರೂ ಪೆಟ್ಟಿಗೆಗೆ ಕಾಣುವುದು 500 ಜಿಬಿಯೇ, ಏಕೆಂದರೆ ಪಾರ್ಟಿಷನ್ ಪಟ್ಟಿಯೂ ನಕಲಾಗಿರುತ್ತದೆ. ಟಿವೊದಂಥ ಕೆಲವು ಮಾದರಿಗಳಿಗೆ, ರೆಕಾರ್ಡಿಂಗ್‌ಗಳನ್ನು ಉಳಿಸಿಕೊಂಡೇ ಜಾಗವನ್ನು ವಿಸ್ತರಿಸುವ ತಂತ್ರಾಂಶಗಳನ್ನು ಬಳಕೆದಾರರೇ ಬರೆದಿದ್ದಾರೆ. ಉಳಿದ ಬಹುಪಾಲು ಪೆಟ್ಟಿಗೆಗಳಲ್ಲಿ ಹಳೆಯ ರೆಕಾರ್ಡಿಂಗ್‌ಗಳು ಬೇಕೋ ಹೊಸ ಜಾಗ ಬೇಕೋ ಎಂದು ಆರಿಸಿಕೊಳ್ಳಬೇಕಾಗುತ್ತದೆ; ಬೇಕಾದುದನ್ನು ಹೊರತೆಗೆದಾದ ಮೇಲೆ ಪೆಟ್ಟಿಗೆಯ ಮೆನುವಿನಿಂದಲೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿದರೆ ಪೂರ್ತಿ ಜಾಗ ಸಿಗುತ್ತದೆ. ನಿಮ್ಮದು ಮೊದಲ ಬಗೆಯ ಪೆಟ್ಟಿಗೆಯಾಗಿದ್ದು, ಅದರ ಮಾದರಿಗೆ ಅಂಥ ತಂತ್ರಾಂಶ ಇಲ್ಲವಾದರೆ, ಜಾಗದ ಆಸೆ ಬಿಟ್ಟು ಆರೋಗ್ಯವಂತ ನಕಲಿನಲ್ಲಿ ಮುಂದುವರಿಯುವುದೇ ಒಳ್ಳೆಯದು.

ಎಷ್ಟು ದೊಡ್ಡದು ಹಾಕಬಹುದು ಎಂಬುದಕ್ಕೆ ಗಡಿಗಳಿವೆ. ಪ್ರತಿ ಸೆಕ್ಟರಿಗೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. ಬಹಳ ಹಳೆಯ ಪೆಟ್ಟಿಗೆಗಳು ಆ ವಿಳಾಸಕ್ಕೆ 28 ಬಿಟ್ ಬಳಸುತ್ತಿದ್ದವು. 512 ಬೈಟಿನ ಸೆಕ್ಟರುಗಳ ಲೆಕ್ಕದಲ್ಲಿ ಅದು 137 ಜಿಬಿಗೆ ಮುಗಿಯುತ್ತದೆ. ಅನಂತರದ ಎಷ್ಟೋ ಪೆಟ್ಟಿಗೆಗಳು 32 ಬಿಟ್‌ಗೆ ನಿಂತವು. ಅದು ಸುಮಾರು 2.2 ಟಿಬಿಗೆ ಮುಗಿಯುತ್ತದೆ. ನಿಮ್ಮ ಪೆಟ್ಟಿಗೆಗೆ 32 ಬಿಟ್ ಮಿತಿ ಇದ್ದರೆ 4 ಟಿಬಿ ಡಿಸ್ಕ್ ಮೂರು ರೀತಿಯಲ್ಲಿ ವರ್ತಿಸಬಹುದು: ಗುರುತಿಸಲ್ಪಡದೇ ಹೋಗಬಹುದು, 1.8 ಟಿಬಿಯೆಂದೋ 2.2 ಟಿಬಿಯೆಂದೋ ಕಾಣಿಸಿಕೊಳ್ಳಬಹುದು, ಅಥವಾ ಪೂರ್ತಿ 4 ಟಿಬಿ ಎಂದು ತೋರಿಸಿ, ಗಡಿ ದಾಟಿದ ಮೇಲೆ ವಿಳಾಸ ಸೊನ್ನೆಗೆ ಮರಳಿ ಡಿಸ್ಕಿನ ಆರಂಭದ ಭಾಗವನ್ನೇ ತಿದ್ದಿಬರೆಯಬಹುದು. ಮೂರನೆಯದು ಅತ್ಯಂತ ಕೆಟ್ಟದ್ದು, ಏಕೆಂದರೆ ತಿಂಗಳುಗಟ್ಟಲೆ ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ. ತಯಾರಕರ ಕೈಪಿಡಿಯಲ್ಲಿ ಅದೇ ಮಾದರಿಯ ದೊಡ್ಡ ಆವೃತ್ತಿಯ ಉಲ್ಲೇಖವಿದ್ದರೆ, ಅದರ ಗಾತ್ರದವರೆಗೆ ಧೈರ್ಯವಾಗಿ ಹೋಗಬಹುದು. ಇಲ್ಲವಾದರೆ 2 ಟಿಬಿಗೆ ನಿಲ್ಲಿಸಿ.

2 ಟಿಬಿ ಕಡಿಮೆಯೇನಲ್ಲ. ಪ್ರಸಾರದ ವೇಗ ಸೆಕೆಂಡಿಗೆ 8 ಮೆಗಾಬಿಟ್ ಇದ್ದರೆ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ, ಹೀಗೆ 500 ಜಿಬಿಯಲ್ಲಿ ಸುಮಾರು 139 ಗಂಟೆಗಳೂ 2 ಟಿಬಿಯಲ್ಲಿ ಸುಮಾರು 555 ಗಂಟೆಗಳೂ ಹಿಡಿಸುತ್ತವೆ. ಅಂದಹಾಗೆ, 2 ಟಿಬಿ ಡಿಸ್ಕನ್ನು ಪೆಟ್ಟಿಗೆ 1.8 ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿದರೆಂದುಕೊಳ್ಳಬೇಡಿ. ತಯಾರಕರು ಸಾವಿರದಿಂದ ಎಣಿಸುತ್ತಾರೆ, ಪೆಟ್ಟಿಗೆ 1024ರಿಂದ ಎಣಿಸುತ್ತದೆ.

ಡಿಸ್ಕಿನ ಜಾತಿಯೂ ಮುಖ್ಯ. ಕಂಪ್ಯೂಟರಿನ ಡಿಸ್ಕಿಗೆ ವಿರಾಮ ಹೆಚ್ಚು; ರೆಕಾರ್ಡರಿನ ಡಿಸ್ಕಿಗೆ ವಿರಾಮವೇ ಇಲ್ಲ. ಮೇಲಿನ ಲೆಕ್ಕದಂತೆ ಒಂದು ಟ್ಯೂನರ್ (ವಾಹಿನಿಯ ಪ್ರಸಾರವನ್ನು ಹಿಡಿಯುವ ಭಾಗ) ಹಗಲೂ ರಾತ್ರಿ ಬರೆದರೆ ದಿನಕ್ಕೆ 86 ಜಿಬಿ, ವರ್ಷಕ್ಕೆ 31 ಟಿಬಿ ಆಗುತ್ತದೆ. ಎರಡು ಟ್ಯೂನರಾದರೆ ಅದರ ಇಮ್ಮಡಿ. ಇಂಥ ದುಡಿಮೆಗೆಂದೇ ಮಾಡಿದ ಡಿಸ್ಕುಗಳು ಈಗ ಕಣ್ಗಾವಲು ಕ್ಯಾಮೆರಾಗಳ ಹೆಸರಿನಲ್ಲಿ ಸಿಗುತ್ತವೆ: ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಅಂಥವು. ವರ್ಷಕ್ಕೆ 180 ಟಿಬಿ ಕೆಲಸಕ್ಕೆ ಅವು ಸಮರ್ಥವೆಂದು ತಯಾರಕರೇ ಹೇಳುತ್ತಾರೆ, ಬಿಸಿಯೂ ಸದ್ದೂ ಕಡಿಮೆ. ಅವುಗಳಲ್ಲೇ ನಿಮಿಷಕ್ಕೆ 5400 ಸುತ್ತಿನ ಆಸುಪಾಸಿನದನ್ನು ಆರಿಸಿಕೊಳ್ಳಿ. 7200 ಸುತ್ತಿನ ವೇಗದಿಂದ ರೆಕಾರ್ಡರಿಗೆ ಲಾಭವಿಲ್ಲ, ಗಾಳಿಯಾಡದ ಪೆಟ್ಟಿಗೆಯಲ್ಲಿ ಶಾಖ ಮಾತ್ರ ಹೆಚ್ಚುತ್ತದೆ. ಟ್ರ್ಯಾಕುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕುಗಳನ್ನು ದೂರವಿಡಿ ಎಂಬುದು ನನ್ನ ಅಭಿಪ್ರಾಯ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಾಗ ಅವು ಇದ್ದಕ್ಕಿದ್ದಂತೆ ನಿಧಾನವಾಗಿ, ಒಟ್ಟಿಗೆ ರೆಕಾರ್ಡ್ ಆಗುತ್ತಿರುವ ಎರಡು ಕಾರ್ಯಕ್ರಮಗಳಲ್ಲಿ ಒಂದು ತುಂಡಾಗಬಹುದು. ನಿಮ್ಮ 4 ಟಿಬಿ ಡಿಸ್ಕ್ ಈ ಜಾತಿಯದೇ ಅಲ್ಲವೇ ಎಂಬುದನ್ನು ಅದರ ಮಾದರಿ ಸಂಖ್ಯೆಯನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿ ತಿಳಿಯಬಹುದು. ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಬರೆದಿಡುವ ಎಸ್‌ಎಸ್‌ಡಿ ಸದ್ದಿಲ್ಲದ್ದು, ಬಾಳಿಕೆಯೂ ಭಯಪಡುವಷ್ಟು ಕಡಿಮೆಯಲ್ಲ. ಆದರೆ ದೊಡ್ಡ ಫೈಲನ್ನು ಒಂದೇ ವೇಗದಲ್ಲಿ ಬರೆಯುವ ಈ ಕೆಲಸಕ್ಕೆ ಅದರ ಚುರುಕುತನ ಉಪಯೋಗಕ್ಕೆ ಬರುವುದಿಲ್ಲ.

ಯಾವ ಬಳಸಿದ ಡಿಸ್ಕನ್ನೇ ಆಗಲಿ ನಂಬುವ ಮುನ್ನ, ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯನ್ನು ಓದಿ. 5 ಎಂಬ ಸಂಖ್ಯೆಯ ಸಾಲಿನಲ್ಲಿ ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರುಗಳೂ, 197 ಎಂಬ ಸಂಖ್ಯೆಯದರಲ್ಲಿ ಓದಲಾಗದೆ ಬಾಕಿ ಉಳಿದವೂ ಇರುತ್ತವೆ. ಎರಡರಲ್ಲೂ ಸೊನ್ನೆ ಇರಬೇಕು. 199 ಸಂಖ್ಯೆಯ ಸಾಲು ಬೇರೆ ಕಥೆ. ಅದು ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಕೇಬಲ್ಲಿನದು. ನಿಮ್ಮ ಹಳೆಯ ಡಿಸ್ಕಿನ ದಾಖಲೆಯನ್ನೂ ನಕಲಿಗೆ ಮೊದಲು ಒಮ್ಮೆ ನೋಡಿ. ಅಲ್ಲಿ ಕೆಟ್ಟ ಸೆಕ್ಟರುಗಳಿಲ್ಲದೆ 199 ಮಾತ್ರ ದೊಡ್ಡದಾಗಿದ್ದರೆ, ಹೊಸ ಡಿಸ್ಕಿನ ಜೊತೆಗೆ ಕೇಬಲ್ಲನ್ನೂ ಬದಲಿಸಬೇಕು.

ಪೆಟ್ಟಿಗೆಯನ್ನು ತೆರೆಯುವ ಬಗ್ಗೆ ಒಂದು ಗಂಭೀರ ಎಚ್ಚರಿಕೆ. ಪವರ್ ಸಪ್ಲೈ ಹೊರಗಿನ ಅಡಾಪ್ಟರಿನಲ್ಲಿದ್ದರೆ ಅಪಾಯ ಕಡಿಮೆ. ಮುಖ್ಯ ವಿದ್ಯುತ್ ತಂತಿ ನೇರವಾಗಿ ಪೆಟ್ಟಿಗೆಯೊಳಕ್ಕೆ ಹೋಗುವುದಾದರೆ, ಒಳಗೆ ಡಿಸ್ಕಿನ ಪಕ್ಕದಲ್ಲೇ ಮುಚ್ಚಳವಿಲ್ಲದ ಪವರ್ ಸಪ್ಲೈ ಬೋರ್ಡ್ ಇರಬಹುದು. 230 ವೋಲ್ಟಿನ ಸಂಪರ್ಕದಲ್ಲಿ ಅದರ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಶೇಖರವಾಗಿರುತ್ತದೆ, ಪ್ಲಗ್ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಪ್ಲಗ್ ತೆಗೆದು ಕನಿಷ್ಠ ಅರ್ಧ ಗಂಟೆ ಕಾಯಿರಿ, ಆಮೇಲೂ ಆ ಬೋರ್ಡನ್ನು ಮುಟ್ಟಬೇಡಿ. ಮುಚ್ಚಳ ತೆರೆದಿರುವಾಗ ಪ್ಲಗ್ ಹಾಕಲೇಬೇಡಿ. ಡಿಸ್ಕಿಲ್ಲದೆ ಆರಂಭಿಸಿ ನೋಡುವ ಮೇಲಿನ ಪರೀಕ್ಷೆಯನ್ನೂ ಮುಚ್ಚಳ ಹಾಕಿಯೇ ಮಾಡಿ.

ಉಳಿದದ್ದು ಸುಲಭ. ಸ್ಕ್ರೂಗಳು ನಕ್ಷತ್ರಾಕಾರದ ತಲೆಯವಾಗಿರಬಹುದು. ಅದಕ್ಕೆ ತಕ್ಕ ಟಾರ್ಕ್ಸ್ ಸ್ಕ್ರೂಡ್ರೈವರನ್ನೇ ಬಳಸಿ. ತೆಗೆಯುವ ಮುನ್ನ ಕೇಬಲ್ಲುಗಳ ಫೋಟೊ ತೆಗೆದುಕೊಳ್ಳಿ, ಬರಿಗೈಯನ್ನು ಪೆಟ್ಟಿಗೆಯ ಲೋಹದ ಚೌಕಟ್ಟಿಗೆ ತಾಗಿಸಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿ, ಡಿಸ್ಕನ್ನು ಅಂಚುಗಳಲ್ಲಿ ಹಿಡಿಯಿರಿ. ಹಳೆಯ ಡಿಸ್ಕಿನ ಸ್ಕ್ರೂಗಳ ಬಳಿ ರಬ್ಬರಿನ ಬಳೆಗಳಿದ್ದರೆ ಅವನ್ನು ಹೊಸದಕ್ಕೂ ಹಾಕಿ, ಇಲ್ಲದಿದ್ದರೆ ರಾತ್ರಿ ಪೆಟ್ಟಿಗೆ ಗುಂಯ್‌ಗುಡುತ್ತದೆ. ಎರಡೂ ಡಿಸ್ಕುಗಳ ಚೀಟಿಯ ಮೇಲೆ 5 ವೋಲ್ಟ್ ಮತ್ತು 12 ವೋಲ್ಟಿಗೆ ಎಷ್ಟೆಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಹೊಸದರ ಅಂಕಿ ಹಳೆಯದಕ್ಕಿಂತ ಹೆಚ್ಚಿರಬಾರದು. ಪೆಟ್ಟಿಗೆಯ ಪವರ್ ಸಪ್ಲೈಯನ್ನು ಹಳೆಯ ಡಿಸ್ಕಿಗೆ ತಕ್ಕಷ್ಟೇ ಅಳೆದು ಮಾಡಿರುತ್ತಾರೆ, ಡಿಸ್ಕ್ ತಿರುಗಲು ಆರಂಭಿಸುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದರ ಮೇಲೆ ಬೀಳುವ ಹೊರೆ ಅತಿ ಹೆಚ್ಚು.

ಫಾರ್ಮ್ಯಾಟ್ ಆದ ಮೇಲೆ ಒಂದು ಸಂಜೆ ಪೆಟ್ಟಿಗೆಗೆ ಅದರ ಪೂರ್ಣ ಹೊರೆ ಕೊಟ್ಟು ನೋಡಿ: ಎಷ್ಟು ಟ್ಯೂನರುಗಳಿವೆಯೋ ಅಷ್ಟೂ ಕಾರ್ಯಕ್ರಮಗಳನ್ನು ಒಟ್ಟಿಗೆ ರೆಕಾರ್ಡ್ ಮಾಡುತ್ತ, ಹಿಂದಿನದೊಂದನ್ನು ಪ್ಲೇ ಮಾಡಿ, ಮುಂದಕ್ಕೂ ಹಿಂದಕ್ಕೂ ಓಡಿಸಿ. ಎರಡು ಗಂಟೆಯ ಬಳಿಕ ಮುಚ್ಚಳದ ಮೇಲೆ ಕೈಯಿಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಡಿಸ್ಕ್ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಅದು ಪೂರ್ತಿ ತುಂಬಿ, ಹಳೆಯ ರೆಕಾರ್ಡಿಂಗ್‌ಗಳನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯತೊಡಗಿದಾಗ. ನಿಮ್ಮ ಬಳಕೆಯಲ್ಲಿ ಅದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ 4 ಟಿಬಿ ಡಿಸ್ಕಿನಲ್ಲಿರುವ ಪ್ರತಿಬಿಂಬದ ಫೈಲನ್ನು ಅಳಿಸಬೇಡಿ, ಹಳೆಯ 500 ಜಿಬಿ ಡಿಸ್ಕನ್ನು ಬೇರಾವ ಕೆಲಸಕ್ಕೂ ಬಳಸದೆ ಅದರ ಮೇಲೆ ದಿನಾಂಕ ಬರೆದು ಎತ್ತಿಡಿ.